ರೇಡಿಯೇಟರ್ ಬಿಚ್ಚಿದ ಕಾಕು

ನಮ್ಮ ಕಾಕುವಿನ ಬಲಗೈ ಹೆಬ್ಬೆರಳ ಉಗುರಿನೊಳಗೆ ಗ್ರೀಸಿನ ಕಪ್ಪು ಗೆರೆಯೊಂದು ಇರುತ್ತಿತ್ತು. ಸೀಗೆಪುಡಿ, ಹುಣಸೆಹಣ್ಣು ಯಾವುದಕ್ಕೂ ಅದು ಜಗ್ಗಲಿಲ್ಲ. ವಿಧವೆಯ ಕೈ ಮಡಿಯಲ್ಲಿರಬೇಕು, ಮೋಟಾರಿನ ಹೊಟ್ಟೆಯೊಳಗಲ್ಲ ಎಂದು ಹತ್ತಾರು ಬಾಡಿಗೆ ಮನೆಗಳಿದ್ದ ನಮ್ಮ ವಾಡೆಯ ನಳದ ಕಟ್ಟೆಯಲ್ಲಿ ತೀರ್ಪು ಕೊಡುವ ಹೆಂಗಸರು ಬಹಳ ಇದ್ದರು. ಅವರಲ್ಲಿ ಮೂವರ ಹೆರಿಗೆ ಮಾಡಿಸಿದ್ದು ಅದೇ ಕೈ.

ಕಾಕು ಎಂದರೆ ಮರಾಠಿಯಲ್ಲಿ ಚಿಕ್ಕಮ್ಮ; ವಾಡೆಯವರೆಲ್ಲ ಅವರನ್ನು ಹಾಗೇ ಕರೆಯುತ್ತಿದ್ದರು. ಅವರು ಧಾರವಾಡದ ಕಡೆಯವರು, ನರ್ಸ್ ಕೆಲಸ ಕಲಿತವರು. ಡಾಕ್ಟರಾಗಿದ್ದ ಗಂಡ ತೀರಿಹೋದ ಮೇಲೆ ಅವರ ಹಳೆಯ ಕಾರನ್ನು ತಾವೇ ಓಡಿಸಿಕೊಂಡು ಊರಾಚೆಯ ಧನಕವಡಿ, ಕಾತ್ರಜ ಕಡೆಯ ಹಳ್ಳಿಗಳಿಗೆ ಹೆರಿಗೆಗೆ ಹೋಗುತ್ತಿದ್ದರು. ನಾನು ಬೆಳಗಾವಿಯಿಂದ ಮದುವೆಯಾಗಿ ಬಂದು ಪಕ್ಕದ ಖೋಲಿಯಲ್ಲಿದ್ದೆ. ಗಂಡನ ಅಣ್ಣನ ಎದುರು ನಿಂತು ಮಾತಾಡುವ ರೂಢಿ ಕಾಕುವಿನ ಮನೆತನದಲ್ಲಿ ಇರಲಿಲ್ಲ. ಭಾವ ಬಂದರೆ ಕಾಕು ಬಾಗಿಲ ಮರೆಯಲ್ಲಿ ನಿಂತು, "ಅವರಿಗೆ ಹೇಳವಾ, ಚಹಾ ಆರತದ" ಎಂದು ನನಗೆ ಹೇಳುವರು. ಎರಡು ಮಾರು ದೂರದಲ್ಲಿ ಕೂತು ಎಲ್ಲ ಕೇಳಿಸಿಕೊಂಡ ಆ ಮಹಾಶಯರಿಗೆ ನಾನು ಅದನ್ನೇ ಇನ್ನೊಮ್ಮೆ ಹೇಳಬೇಕು. ನನಗೆ ನಗುವೂ ಬರುತ್ತಿತ್ತು, ಸಿಟ್ಟೂ ಬರುತ್ತಿತ್ತು.

ಮಹಾಯುದ್ಧ ನಡೆದು ರಬ್ಬರಿಗೆ ಬರ ಬಂದಿದ್ದ ಒಂದು ಬೇಸಿಗೆಯಲ್ಲಿ ರೇಡಿಯೇಟರಿನಿಂದ ಎಂಜಿನ್ನಿಗೆ ನೀರು ಒಯ್ಯುವ ರಬ್ಬರ್ ನಳಿಗೆ ಸೀಳಿತು. ಹೊಸದಕ್ಕಾಗಿ ಕಾಕು ಹದಿನೈದು ದಿನ ದಂಡು ಇರುವ ಕ್ಯಾಂಪಿನ ಅಂಗಡಿಗಳನ್ನೆಲ್ಲ ಅಲೆದರು. ಭಾವ ಇದನ್ನೇ ಕಾಯುತ್ತಿದ್ದರು. "ಕೆಟ್ಟ ಗಾಡಿ ಮನ್ಯಾಗ ಯಾಕ? ಮಾರಿಬಿಡೂಣು" ಎಂದವರೇ, ಕಾಕುವನ್ನು ಕೇಳದೆ ಗಿರಾಕಿಯನ್ನೂ ಗೊತ್ತುಮಾಡಿದರು. ಗಾಡಿ ಹೋದರೆ ಕಾಕು ಮೂಲೆ ಸೇರಬೇಕು. ಭಾವನಿಗೆ ಬೇಕಾಗಿದ್ದೂ ಅದೇ.

ಕೊನೆಗೂ ಹೊಸ ನಳಿಗೆ ಸಿಕ್ಕ ಮರುದಿನ ಸಂಜೆ ಗಿರಾಕಿ ಬರುವವನಿದ್ದ. ಬೆಳಿಗ್ಗೆ ಬಂದ ಮಿಸ್ತ್ರಿ ಹಳೆಯ ನಳಿಗೆಯನ್ನು ಎಷ್ಟು ಜಗ್ಗಿದರೂ ಅದು ರೇಡಿಯೇಟರಿನ ಹಿತ್ತಾಳೆಯ ಮೂತಿಗೆ ಕಚ್ಚಿ ಕೂತಿತ್ತು. ದೊಡ್ಡ ಪಾನಾ ಹಾಕಿ ತಿರುವಲು ಹೋದಾಗ ಕಾಕು ಅವನ ಕೈ ಹಿಡಿದರು. ಮೂತಿ ಮುರಿದರೆ ರೇಡಿಯೇಟರೇ ಹೋಗುತ್ತದೆ. ಹಾಗಾದರೆ ನೀವೇ ಬಿಚ್ಚಿಕೊಳ್ಳಿ ಬಾಯಿಸಾಹೇಬರೇ ಎಂದು ಮರಾಠಿಯಲ್ಲಿ ಬೈದು ಅವನು ನಡೆದುಬಿಟ್ಟ.

ಕಾಕು ನನ್ನತ್ತ ತಿರುಗಿದರು. "ತಂಬಿಗ್ಯಾಗ ತಂಬಿಗಿ ಸಿಕ್ಕೊಂಡರ ನಿಮ್ಮವ್ವ ಏನು ಮಾಡ್ತಿದ್ಲು?"

"ಹೊರಗಿಂದಕ್ಕ ಬಿಸಿನೀರು ಹಾಕ್ತಿದ್ಲರಿ."

"ಮತ್ತ ನಿಂತೀಯಲ್ಲ? ಒಲಿ ಹಚ್ಚು."

ಕುದಿನೀರಲ್ಲಿ ಅದ್ದಿದ ಅರಿವೆಯನ್ನು ನಳಿಗೆಗೆ ಸುತ್ತಿದರು. ರಬ್ಬರು ಮೆತ್ತಗಾದ ಮೇಲೆ ನನ್ನ ಸ್ವೆಟರ್ ಹೆಣೆಯುವ ಕಡ್ಡಿಗೆ ಔಡಲೆಣ್ಣೆ ಸವರಿ, ಮೂತಿಯ ಸುತ್ತ ಒಳಗೆ ತೂರಿಸುತ್ತ ಹೋದರು. "ಸಿಟ್ಟಿಲೆ ಬರೂದಿಲ್ಲವಾ. ಕೂಸೂ ಹಂಗ, ಇದೂ ಹಂಗ" ಎನ್ನುತ್ತ ನಾಲ್ಕು ಸಲ ಅರಿವೆ ಬದಲಿಸಿದರು. ಐದನೆಯ ಸಲಕ್ಕೆ ನಳಿಗೆ ಕೈಗೆ ಬಂತು. ಹೊಸದನ್ನು ಅದೇ ಎಣ್ಣೆ ಹಚ್ಚಿ ಕೂರಿಸಿ, ಮೇಲೆ ತಗಡಿನ ಪಟ್ಟಿ ಬಿಗಿದೆವು.

ಸಂಜೆ ಮುಂದಿನ ಹ್ಯಾಂಡಲ್ ಒಂದೇ ಸಲ ತಿರುಗಿಸಿದ್ದಕ್ಕೆ ಗಾಡಿ ಶುರುವಾಯಿತು. ಗಿರಾಕಿಯ ಮುಖ ಅರಳಿತು, ಈಗಲೇ ಒಯ್ಯುತ್ತೇನೆಂದ. ಇಷ್ಟೆಲ್ಲ ಬೆವರು ಸುರಿಸಿ ನಾವೇ ಗಾಡಿಯನ್ನು ಮಾರಾಟಕ್ಕೆ ಸಿಂಗರಿಸಿ ಕೊಟ್ಟಂತಾಗಿತ್ತು.

"ಅವರಿಗೆ ಹೇಳವಾ" ಎಂಬ ಮಾತಿಗೆ ಕಾದೆ. ಬರಲಿಲ್ಲ. ಕಾಕು ಬಾಗಿಲು ದಾಟಿ ಅಂಗಳಕ್ಕಿಳಿದು ಭಾವನ ಎದುರೇ ನಿಂತರು.

"ಕೆಟ್ಟ ಗಾಡಿ ಮಾರೂಣು ಅಂದ್ರಿ. ಇದು ಕೆಟ್ಟಿಲ್ಲ. ಗಾಡಿ ನಂದು. ಮಾರೂದಿಲ್ಲ."

ಭಾವ ಅಭ್ಯಾಸಬಲದಿಂದ ನನ್ನ ಮುಖ ನೋಡಿದರು.

"ಕೇಳಿಸ್ತಲ್ಲರೀ?" ಎಂದೆ.

ಮುಂದೆ ಕಾಕು ನನಗೆ ಹೆರಿಗೆ ಮಾಡಿಸುವುದನ್ನೂ ಗಾಡಿ ಓಡಿಸುವುದನ್ನೂ ಕಲಿಸಿದರು. ಯುದ್ಧ ಮುಗಿದ ಮರುವರ್ಷ ತೀರಿಕೊಂಡರು. ಹದಿಮೂರನೆಯ ದಿನದ ಊಟವಾದ ಮೇಲೆ ಭಾವ ಎಲೆಯಡಿಕೆ ಹಾಕಿಕೊಳ್ಳುತ್ತ, "ಇನ್ನರ ಆ ಗಾಡಿ ಮಾರೂಣು" ಎಂದರು. ಅಂದು ಕೇಳಿಸ್ತಲ್ಲರೀ ಎಂದದ್ದು ಬಿಟ್ಟರೆ ಹಿರಿಯರ ಮುಂದೆ ನಾನು ಎಂದೂ ದನಿ ಎತ್ತಿದವಳಲ್ಲ.

"ಇಲ್ಲರೀ. ಕಾಕು ಅದನ್ನ ನನ್ನ ಹೆಸರಿಗೆ ಬರದಿಟ್ಟಾರ. ಕಾತ್ರಜದಾಗ ಒಬ್ಬಾಕಿ ಹೆರಿಗಿ ಬ್ಯಾನಿ ತಿನ್ನಾಕತ್ತಾಳ, ನಾ ಹೋಗಬೇಕು" ಎಂದೆ.

ಅವರ ಮುಂದಿನಿಂದಲೇ ಅಂಗಳಕ್ಕಿಳಿದು, ಹ್ಯಾಂಡಲ್ ತಿರುಗಿಸಿ, ಹೊರಟೆ.