ನೀಲಿ ಡಬ್ಬಿ, ಹಸಿರು ಡಬ್ಬಿ ಮತ್ತು ಕೊಟ್ಟಿಗೆಹಾರದ ಶಾಲಿನಿ

ಬೆಂಗಳೂರಿನಿಂದ ಹೊರಟು ಚಾರ್ಮಾಡಿ ಘಾಟಿ ಇಳಿಯುವ ರಾತ್ರಿ ಬಸ್ಸು ಕೊಟ್ಟಿಗೆಹಾರಕ್ಕೆ ಬರುವಾಗ ಇನ್ನೂ ನಸುಕು. ಮಂಜಿನೊಳಗಿಂದ ಮೊದಲು ಹಾರನ್ನು ಕೇಳಿಸುತ್ತದೆ, ಬಸ್ಸು ಆಮೇಲೆ ಕಾಣಿಸುತ್ತದೆ. ಹೋಟೆಲಿನ ಒಲೆಯೆದುರು ಕೈ ಕಾಯಿಸಿಕೊಳ್ಳುತ್ತಿದ್ದ ಶಾಲಿನಿ ಸ್ವೆಟರಿನ ತೋಳು ಎಳೆದುಕೊಂಡು ಬಸ್ಸಿನ ಬಾಗಿಲ ಬಳಿ ಹೋಗಿ ನಿಲ್ಲುತ್ತಾರೆ. ಕಂಡಕ್ಟರು ಸೀಟಿನಡಿಯಿಂದ ರಟ್ಟಿನ ಪೆಟ್ಟಿಗೆಯೊಂದನ್ನು ಎಳೆದು, “ಏನಕ್ಕ, ಒಳಗೆ ಇಟ್ಟಿಗೆ ತುಂಬ್ಸಿದ್ದಾರಾ?” ಎನ್ನುತ್ತಾರೆ. “ಬೆಲೆ ಬಾಳೋ ಇಟ್ಟಿಗೆ, ಮೆತ್ತಗೆ ಕೊಡಿ ಮಾರಾಯ್ರೆ” ಎಂದು ಶಾಲಿನಿ ಎರಡೂ ಕೈ ಚಾಚಿ ಇಸಿದುಕೊಳ್ಳುತ್ತಾರೆ.

ಕಂಪ್ಯೂಟರಿನ ಬಿಡಿಭಾಗಗಳಿದ್ದ ಪೆಟ್ಟಿಗೆಯನ್ನು ಎದೆಗವಚಿಕೊಂಡು ಅಂಗಡಿಗೆ ಬಂದವರು ಅದನ್ನು ಕಪಾಟಿನ ಮೇಲಿಟ್ಟು ಸುಮ್ಮನಾಗುತ್ತಾರೆ. ಬಿಚ್ಚುವ ಆತುರ ಇಲ್ಲವೇ ಎಂದರೆ ನಗುತ್ತಾರೆ. “ಚಳಿಯಿಂದ ಒಳಗೆ ಬಂದಿದೆ, ಈಗ್ಲೇ ಬಿಚ್ಚಿದ್ರೆ ಬೆವರುತ್ತೆ. ನಾವು ಕಾಫಿ ಕುಡಿಯೋದ್ರೊಳಗೆ ಅದೂ ಸುಧಾರಿಸ್ಕೊಳ್ಲಿ.” ಕಾಫಿ ಕುಡಿದು ಲೋಟ ತೊಳೆದಿಟ್ಟ ಮೇಲೆಯೇ ಪೆಟ್ಟಿಗೆಗೆ ಕತ್ತರಿ ತಾಗುವುದು. ಊರಿನ ಮಿಕ್ಕ ಮೋಟಾರು, ಗಿರಣಿಗಳು ಏಳುವ ಮೊದಲು ಕರೆಂಟು ಗಟ್ಟಿಯಾಗಿರುತ್ತದೆ. ಹೊಸ ಕಂಪ್ಯೂಟರಿಗೆ ಮೊದಲ ಜೀವ ತುಂಬುವ ಕೆಲಸವನ್ನು ಅವರು ಆ ಹೊತ್ತಿಗೇ ಇಟ್ಟುಕೊಂಡಿದ್ದಾರೆ.

ಅಂಗಡಿಯ ಹಲಗೆಯ ಮೇಲೆ ಇರುವುದು ‘ಕಂಪ್ಯೂಟರ್ ಜೋಡಣೆ ಮತ್ತು ರಿಪೇರಿ’ ಎಂಬುದಷ್ಟೇ. ಯಾರದ್ದು ಅಂತ ಇಲ್ಲ. ಒಳಗೆ ಬಂದವರು ಶಾಲಿನಿಯನ್ನು ದಾಟಿ ಹಿಂದಿನ ಗೋಡೆಯವರೆಗೂ ಕಣ್ಣು ಹಾಯಿಸಿ, “ರಿಪೇರಿಯವ್ರು ಇಲ್ವನಮ್ಮ?” ಎಂದು ಕೇಳುತ್ತಾರೆ. “ಇದ್ದಾರೆ, ಕೂತ್ಕೊಳಿ” ಎಂದು ಶಾಲಿನಿ, ಅವರು ತಂದ ಯಂತ್ರವನ್ನು ಮೇಜಿಗೆ ಎತ್ತಿ ಸ್ಕ್ರೂ ಬಿಚ್ಚಲು ಶುರುಮಾಡುತ್ತಾರೆ. ಬಂದವರಿಗೆ ವಿಷಯ ತಲೆಗೆ ಹೋಗುವಷ್ಟರಲ್ಲಿ ಅರ್ಧ ಕೆಲಸ ಮುಗಿದಿರುತ್ತದೆ. ಕೆಲವರು ನಾಚಿಕೊಳ್ಳುತ್ತಾರೆ. ಕೆಲವರು ಅಷ್ಟಾದರೂ “ಯಜಮಾನ್ರು ಯಾವಾಗ ಬರ್ತಾರೆ?” ಎಂದು ಕೇಳುವುದುಂಟು. ಅಂಥವರಿಗೆ ಏನು ಹೇಳೋಣ!

ಶಾಲಿನಿ ಇಂಜಿನಿಯರಿಂಗ್ ಓದಿದವರಲ್ಲ. ಪಿಯುಸಿ ಮುಗಿಸಿ ಚಿಕ್ಕಮಗಳೂರಿನ ಕಂಪ್ಯೂಟರ್ ಕ್ಲಾಸೊಂದರಲ್ಲಿ ಹಾಜರಿ ಕೂಗುವ ಕೆಲಸಕ್ಕೆ ಸೇರಿದ್ದರು. ಯಂತ್ರ ಕೆಟ್ಟರೆ ಹಾಸನದಿಂದ ಒಬ್ಬರು ಬಂದು ಸರಿಮಾಡುತ್ತಿದ್ದರು, ಇವರು ಪಕ್ಕದಲ್ಲಿ ನಿಂತು ಟಾರ್ಚ್ ಹಿಡಿಯುತ್ತಿದ್ದರು. ಒಂದು ಮಳೆಗಾಲ ಅವರು ಬರಲೇ ಇಲ್ಲ. ಸಾಲಾಗಿ ಕೆಟ್ಟು ಕೂತ ಯಂತ್ರಗಳನ್ನು ನೋಡಲಾರದೆ ಇವರೇ ಒಂದನ್ನು ಬಿಚ್ಚಿದರು. “ಅದು ಮೊದ್ಲೇ ಸತ್ತಿತ್ತಲ್ಲ, ನಾನು ಇನ್ನೆಂತ ಸಾಯಿಸ್ಲಿ?” ಎನ್ನುತ್ತಾರೆ. ಅದು ಬದುಕಿತು. ಅಪ್ಪ ಕೆಲಸದಿಂದ ನಿವೃತ್ತರಾಗಿ ಊರು ಕೊಟ್ಟಿಗೆಹಾರಕ್ಕೆ ಮರಳಿದಾಗ ಮಗಳೂ ಬಂದು ಸರ್ಕಲ್ಲಿನಲ್ಲಿ ಈ ಅಂಗಡಿ ತೆರೆದರು.

ಮೊದಲ ವರ್ಷಗಳು ಸುಲಭದವಲ್ಲ. ಮುಂಗಾರಿಗೆ ಮೊದಲಿನ ಸಿಡಿಲು ಫೋನಿನ ತಂತಿಯಲ್ಲೇ ಒಳನುಗ್ಗಿ ಯಂತ್ರಗಳು ಸುಟ್ಟುಹೋಗುತ್ತಿದ್ದವು. ಮಳೆ ಹಿಡಿದರೆ ಇನ್ನೊಂದು ಅವಾಂತರ: ಥಂಡಿ ಆಗಬಾರದೆಂದು ಜನ ಓಡುತ್ತಿರುವ ಕಂಪ್ಯೂಟರಿಗೇ ಕಂಬಳಿ ಹೊದಿಸುತ್ತಿದ್ದರು. ಒಳಗಿನ ಬಿಸಿ ಹೊರಗೆ ಬರಲಾರದೆ ಅದು ಉಸಿರುಗಟ್ಟಿ ನಿಲ್ಲುತ್ತಿತ್ತು. “ಅದಕ್ಕೆ ಚಳಿ ಆಗಲ್ಲ ಮಾರಾಯ್ರೆ, ಸೆಕೆ ಆಗೋದು ಅಂತ ಹೇಳಿ ಹೇಳಿ ಬಾಯಿ ನೋವು ಬಂತು.” ಸಂಸೆಯ ಕಡೆಗೆ ಜೀಪಿನಲ್ಲಿ ಹೋಗುವಾಗ ಮಾನಿಟರನ್ನು ಹಸುಗೂಸಿನಂತೆ ತೊಡೆಯ ಮೇಲಿಟ್ಟುಕೊಂಡು, ಗುಂಡಿ ಬಂದಾಗಲೆಲ್ಲ ಸೀಟಿನಿಂದ ಅರ್ಧ ಎದ್ದು ಕೂತ ದಿನಗಳು ಎಷ್ಟೋ.

ಈಗ, ಈ 2005ರಲ್ಲಿ, ಅವರಿಗೆ ದಿನವಿಡೀ ಎದುರಾಗುವ ಪ್ರಶ್ನೆ ಒಂದೇ. ನೀಲಿಯೋ, ಹಸಿರೋ? ಕಂಪ್ಯೂಟರಿನ ಲೆಕ್ಕಾಚಾರವನ್ನೆಲ್ಲ ಮಾಡುವ ಪ್ರೊಸೆಸರ್ ಎಂಬ ಬಿಲ್ಲೆ ಬೆಂಕಿಪೊಟ್ಟಣದಷ್ಟೂ ದೊಡ್ಡದಲ್ಲ. ಸಾಧಾರಣ ಕೊಳ್ಳುವವರ ಕೈಗೆಟಕುವ ಮಟ್ಟದಲ್ಲಿ ಅದು ಎರಡು ಬಗೆ. ಒಂದು ನೀಲಿ ಡಬ್ಬಿಯಲ್ಲಿ ಬರುತ್ತದೆ, ಇನ್ನೊಂದು ಹಸಿರು ಡಬ್ಬಿಯಲ್ಲಿ. ಬೆಲೆ ಹೆಚ್ಚುಕಮ್ಮಿ ಒಂದೇ, ವೇಗ ಹೆಚ್ಚುಕಮ್ಮಿ ಒಂದೇ. ಆದರೆ ಬಿಲ್ಲೆಯನ್ನು ಕೂರಿಸುವ ಬೋರ್ಡು ಬೇರೆ ಬೇರೆ, ಒಂದರ ಬೋರ್ಡಿನ ಮೇಲೆ ಇನ್ನೊಂದು ಕೂರುವುದಿಲ್ಲ. ಒಮ್ಮೆ ಆರಿಸಿದರೆ ಮುಗಿಯಿತು, ಲಗ್ನವಾದ ಹಾಗೆ. ಜನರೋ, ಕಂಪ್ಯೂಟರನ್ನು ಇನ್ನೂ ಮುಟ್ಟಿರುವುದಿಲ್ಲ, ಆಗಲೇ ಪಕ್ಷ ಕಟ್ಟಿಕೊಂಡು ಬಂದಿರುತ್ತಾರೆ. ಟೀವಿಯಲ್ಲಿ ಜಾಹೀರಾತು ನೋಡಿದವರು ನೀಲಿ, ಭಾವನ ಮಗ ಹೇಳಿದ್ದನ್ನು ಕೇಳಿದವರು ಹಸಿರು.

ಶಾಲಿನಿ ಯಾರ ಪಕ್ಷವನ್ನೂ ವಹಿಸುವುದಿಲ್ಲ. ಅಂಗಡಿಯ ಮೂಲೆಯಲ್ಲಿ ಎರಡು ಯಂತ್ರ ಜೋಡಿಸಿಟ್ಟಿದ್ದಾರೆ. ಪ್ರೊಸೆಸರ್ ಮತ್ತು ಅದರ ಬೋರ್ಡು ಬಿಟ್ಟರೆ ಮಿಕ್ಕದ್ದೆಲ್ಲ ಒಂದೇ. ಎರಡರ ಮುಖಕ್ಕೂ ಗೋಣಿತಾಟು ಇಳಿಬಿಟ್ಟು, ಗಾಳಿಯಾಡಲು ಬೆನ್ನು ಮಾತ್ರ ತೆರೆದಿಟ್ಟಿರುತ್ತಾರೆ. ಯಾವುದರೊಳಗೆ ಯಾವುದು ಎಂದು ಬರೆದ ಚೀಟಿ ಯಂತ್ರದ ಅಡಿಗೆ ಅಂಟಿರುತ್ತದೆ. “ನಿಮ್ ಮನೇಲಿ ಎಂತ ಕೆಲ್ಸ ಮಾಡ್ತೀರೋ ಅದನ್ನೇ ಎರಡರಲ್ಲೂ ಮಾಡಿ ನೋಡಿ. ಯಾವುದು ಹಿತ ಅನ್ಸುತ್ತೋ ಹೇಳಿ. ಆಮೇಲೆ ಚೀಟಿ ನೋಡಣ” ಎನ್ನುತ್ತಾರೆ.

ಈ ಉಪಾಯ ಬಂದದ್ದು ಅಪ್ಪನಿಂದ. ಅಪ್ಪ ಓಂಕಾರಮೂರ್ತಿ ಚಿಕ್ಕಮಗಳೂರಿನಲ್ಲಿ ಕಾಫಿ ಬೀಜ ಹದಮಾಡುವ ಕ್ಯೂರಿಂಗ್ ವರ್ಕ್ಸ್ ಒಂದರಲ್ಲಿ ರುಚಿ ನೋಡುವ ಕೋಣೆಯ ಸಹಾಯಕರಾಗಿದ್ದವರು. ತೋಟ ತೋಟದ ಬೀಜ ಹುರಿದು, ಪುಡಿಮಾಡಿ, ಕಪ್ಪುಗಳಿಗೆ ಹಾಕಿ ಬಿಸಿನೀರು ಹೊಯ್ಯುವುದು ಅವರ ಕೆಲಸ. ಯಾವ ತೋಟದ್ದೆಂಬ ಗುರುತು ಕಪ್ಪಿನ ಅಡಿಯಲ್ಲಿರುತ್ತಿತ್ತು. ರುಚಿ ನೋಡುವವರು ಸೊರ್ರೆಂದು ಹೀರಿ, ಉಗುಳಿ, ತೀರ್ಪು ಹೇಳಿದ ಮೇಲೆಯೇ ಕಪ್ಪು ಮಗುಚುವುದು. “ದೊಡ್ಡ ಎಸ್ಟೇಟಿನ ಹೆಸ್ರು ಕೇಳಿದ್ರೆ ನಾಲಿಗೆ ಮೊದ್ಲೇ ಬಾಲ ಅಲ್ಲಾಡ್ಸುತ್ತೆ. ಅದಕ್ಕೆ ಮುಚ್ಚೋದು” ಎನ್ನುತ್ತಾರೆ ಮುದುಕರು. ಅಂಗಡಿಯ ಬಾಗಿಲಲ್ಲಿ ಸ್ಟೂಲು ಹಾಕಿಕೊಂಡು ಕೂತು ಈಗ ಬಂದವರಿಗೆಲ್ಲ ಅವರು ಹೇಳುವುದು ಇದೊಂದೇ ಕಥೆ.

ಕಳೆದ ಬೇಸಿಗೆಯಲ್ಲಿ ಈ ಉಪಾಯವೇ ಶಾಲಿನಿಯ ಕುತ್ತಿಗೆಗೆ ಬಂತು. ಬೆಳೆಗಾರರ ಸಹಕಾರ ಸಂಘವೊಂದಕ್ಕೆ ಆರು ಕಂಪ್ಯೂಟರ್ ಬೇಕಿತ್ತು. ಅಷ್ಟು ದೊಡ್ಡ ಕೆಲಸ ಅವರಿಗೆ ಅದುವರೆಗೆ ಬಂದಿರಲಿಲ್ಲ. ಕಾಫಿಗೆ ಬೆಲೆಯಿಲ್ಲದೆ ಜನ ಕೊಳ್ಳುವುದನ್ನೇ ನಿಲ್ಲಿಸಿದ್ದ ಕಾಲ, ಅಂಗಡಿ ಮುಚ್ಚಿ ಮತ್ತೆ ಹಾಜರಿ ಕೂಗಲು ಹೋಗುವುದೋ ಎಂಬ ಯೋಚನೆಯಲ್ಲಿದ್ದರು. ಸಂಘದ ಕಾರ್ಯದರ್ಶಿ ರಂಗನಾಥ ಫೋನಿನಲ್ಲಿ “ನೀಲಿನೇ ಇರ್ಲಿ ಶಾಲಿನಿ, ನಮ್ಮವ್ರೆಲ್ಲ ಅದನ್ನೇ ಹೇಳೋದು” ಎಂದರು. ಶಾಲಿನಿ ಕೈಯಲ್ಲಿದ್ದದ್ದನ್ನೆಲ್ಲ ಸುರಿದು ಆರು ನೀಲಿ ಡಬ್ಬಿ, ಅವಕ್ಕೆ ತಕ್ಕ ಬೋರ್ಡು ತರಿಸಿಬಿಟ್ಟರು. ತಂದದ್ದನ್ನು ಬೆಂಗಳೂರಿನ ಅಂಗಡಿಯವರು ವಾಪಸ್ಸು ತೆಗೆದುಕೊಳ್ಳುವುದಿಲ್ಲ. “ಕೂಸು ಹುಟ್ಟೋಕೆ ಮುಂಚೆ ಕುಲಾವಿ ಹೊಲಿಸ್ದೆ. ಎಲ್ರಿಗೂ ಪರೀಕ್ಷೆ ಮಾಡಿ ಅನ್ನೋಳು ನಾನು, ನನ್ನ ಸರದಿಗೆ ಮರ್ತೆ.”

ಆಮೇಲೆ ರಂಗನಾಥರೇ, ಸುಮ್ಮನೆ ಶಾಸ್ತ್ರಕ್ಕೆ, “ನಿನ್ನ ಗೋಣಿತಾಟಿನ ಪರೀಕ್ಷೆ ಒಂದು ಆಗಿಬಿಡ್ಲಿ” ಎಂದು ಸಂಘದ ಗುಮಾಸ್ತೆ ವಸಂತಮ್ಮನನ್ನು ಕರೆದುಕೊಂಡು ಬಂದರು. ದಿನವಿಡೀ ಕಂಪ್ಯೂಟರಿನ ಮುಂದೆ ಕೂರಬೇಕಾದವರು ವಸಂತಮ್ಮ. ಸದಸ್ಯರ ಪಟ್ಟಿ ತೆರೆದರು, ಕನ್ನಡದಲ್ಲಿ ನೋಟಿಸು ಟೈಪಿಸಿದರು, ಅಚ್ಚು ತೆಗೆದರು. ಎಡಗಡೆಯ ಯಂತ್ರದಲ್ಲಿ ಒಮ್ಮೆ, ಬಲಗಡೆಯದರಲ್ಲಿ ಒಮ್ಮೆ. ಮತ್ತೆ ಎಡಕ್ಕೆ ಬಂದು ಕಣ್ಣು ಮುಚ್ಚಿ ಕೂತರು.

“ಕೆಲ್ಸದಲ್ಲಿ ಎರಡೂ ಒಂದೇ. ಆದ್ರೆ ಬಲಗಡೇದರ ಸದ್ದು ಒಂಚೂರು ಕಮ್ಮಿ. ಪಕ್ಕದಲ್ಲಿ ಕೂರೋಳು ನಾನಲ್ವಾ? ನಂಗೆ ಅದೇ ಇರ್ಲಿ” ಎಂದರು ವಸಂತಮ್ಮ.

ಬಲಗಡೆಯದು ಹಸಿರು. ಅದು ಗೊತ್ತಿದ್ದದ್ದು ಶಾಲಿನಿಗೆ, ಬಾಗಿಲಲ್ಲಿ ಕೂತ ಅಪ್ಪನಿಗೆ, ಇಬ್ಬರಿಗೇ. ಬಗ್ಗಿ ಯಂತ್ರವನ್ನು ಓರೆಮಾಡಿ ಚೀಟಿ ಓದಬೇಕಾದವರೂ ಶಾಲಿನಿಯೇ. ‘ನೀಲಿ’ ಎಂದರೆ ಮುಗಿಯಿತು. ಡಬ್ಬಿಗಳು ಹಿಂದಿನ ಕಪಾಟಿನಲ್ಲಿ ಸಿದ್ಧವಾಗಿ ಕೂತಿವೆ, ಅಂಗಡಿ ಉಳಿಯುತ್ತದೆ, ರಂಗನಾಥರಿಗೂ ಖುಷಿ, ವಸಂತಮ್ಮನಿಗೂ ನಷ್ಟವೇನಿಲ್ಲ. ಆ ಗಳಿಗೆಯನ್ನು ಶಾಲಿನಿ ಈಗಲೂ ನೆನೆಯುತ್ತಾರೆ. “ಬಗ್ಗಿದೋಳು ಏಳೋಕೇ ಮನಸ್ಸು ಬರ್ಲಿಲ್ಲ. ಅಪ್ಪನ ಮುಖ ನೋಡಿದ್ರೆ ಎಲ್ಲಿ ಬಾಯಿ ತಪ್ಪುತ್ತೋ ಅಂತ ಆ ಕಡೆ ತಿರುಗ್ಲೇ ಇಲ್ಲ.”

“ಹಸಿರು” ಎಂದರು.

ರಂಗನಾಥ ಪೆಚ್ಚಾದರು. “ಅಲ್ಲ ಮಾರಾಯ್ತಿ, ನೀನು ನೀಲಿ ತರ್ಸಿ ಆಗಿದೆಯಲ್ಲ?”

“ತರ್ಸಿದ್ದೀನಿ ಸಾರ್. ಅದು ನನ್ನ ತಲೆನೋವು.”

ವಸಂತಮ್ಮನಿಗೆ ಪಾಪ ಅನ್ನಿಸಿತು. “ನೀಲಿನೇ ಕೊಡು ಶಾಲಿನಿ, ಆ ಸದ್ದು ನಂಗೆಂತ ಮಹಾ. ಒಂದು ವಾರದಲ್ಲಿ ಒಗ್ಗಿ ಹೋಗುತ್ತೆ” ಎಂದರು.

“ಹಂಗಾದ್ರೆ ಗೋಣಿತಾಟು ಮುಚ್ಚಿದ್ದು ಎಂತಕ್ಕೆ ವಸಂತಕ್ಕ?” ಎಂದು ಶಾಲಿನಿ ಓರೆಮಾಡಿದ್ದ ಯಂತ್ರವನ್ನು ನೆಟ್ಟಗೆ ಕೂರಿಸಿದರು.

ಸಂಘಕ್ಕೆ ಆರು ಹಸಿರೇ ಹೋದವು, ಸಂಘದ ಮುಂಗಡದಲ್ಲಿ ತರಿಸಿದ್ದು. ನೀಲಿ ಡಬ್ಬಿಗಳು ಕಪಾಟಿನಲ್ಲಿ ಉಳಿದವು. ಆವತ್ತು ತಮಗನ್ನಿಸಿದ್ದನ್ನು ಓಂಕಾರಮೂರ್ತಿಗಳು ಮುಚ್ಚಿಡುವುದಿಲ್ಲ. “ಹೆಸ್ರು ಮುಚ್ಚೋದು ಕಲ್ಸಿದ್ದು ನಾನೇ. ಆದ್ರೂ ಆವತ್ತು, ದೇವರೇ, ಈ ಹುಡುಗಿ ಬಾಯಲ್ಲಿ ಒಂದೇ ಒಂದು ಸುಳ್ಳು ಬರ್ಸಪ್ಪ ಅಂತ ಬೇಡ್ಕೊಂಡೆ. ಬರ್ಲಿಲ್ಲ” ಎಂದು ಮಗಳತ್ತ ನೋಡುತ್ತಾರೆ. ಆ ನೋಟದಲ್ಲಿ ಇರುವುದು ಬೇಸರವಂತೂ ಅಲ್ಲ.

ನೀಲಿ ಡಬ್ಬಿಗಳು ಆ ಮಳೆಗಾಲವಿಡೀ ಒಂದೊಂದಾಗಿ ಕಪಾಟು ಇಳಿದವು. ಕಳಸದ ಫೋಟೋ ಸ್ಟುಡಿಯೋದವರು ಬಂದು ಗೋಣಿತಾಟಿನ ಮುಂದೆ ಕೂತು ನೀಲಿಯನ್ನೇ ಆರಿಸಿದಾಗ ಶಾಲಿನಿಗೆ ನಗು ತಡೆಯಲಾಗಲಿಲ್ಲ. ಆಮೇಲೆ ಮೂಡಿಗೆರೆಯ ಅಚ್ಚುಕೂಟದವರು, ದೇವರಮನೆ ಬೆಟ್ಟದ ಕಡೆಯ ಮೇಷ್ಟ್ರು. ಒಬ್ಬೊಬ್ಬರನ್ನೂ ಕಳಿಸಿಕೊಟ್ಟದ್ದು ವಸಂತಮ್ಮ. ಸಂಘಕ್ಕೆ ಬಂದ ಸದಸ್ಯರಿಗೆಲ್ಲ ಅವರು, “ಕೊಟ್ಟಿಗೆಹಾರಕ್ಕೆ ಹೋಗಿ. ಆ ಹುಡುಗಿ ತನಗೇ ನಷ್ಟ ಆದ್ರೂ ಚೀಟೀಲಿ ಇರೋದನ್ನೇ ಓದ್ತಾಳೆ” ಎಂದು ಹೇಳುತ್ತಲೇ ಇದ್ದರು. ಈಗಲೂ ಹೇಳುತ್ತಾರೆ.

ಕೊನೆಯ ನೀಲಿ ಬಿಲ್ಲೆ ಅಂಗಡಿಯ ಸ್ವಂತ ಯಂತ್ರದಲ್ಲಿದೆ. “ಕಪ್ಪಲ್ಲಿ ಸೋತ ಕಾಫೀನೂ ಕಾಫೀನೇ. ಚೆನ್ನಾಗೇ ಓಡ್ತಿದೆ, ಪಾಪ” ಎಂದು ಶಾಲಿನಿ ಅದರ ತಲೆ ಸವರುತ್ತಾರೆ. ಅಷ್ಟರಲ್ಲಿ ಎಸ್ಟೇಟಿನ ಲೆಕ್ಕ ಬರೆಯುವ ರೈಟರೊಬ್ಬರು ಯಂತ್ರ ಹೊತ್ತು ಒಳಗೆ ಬಂದು, ಅತ್ತಿತ್ತ ನೋಡಿ, “ರಿಪೇರಿಯವ್ರು ಇಲ್ವಾ?” ಎನ್ನುತ್ತಾರೆ. “ಇದ್ದಾರೆ, ಕೂತ್ಕೊಳಿ” ಎಂದು ಶಾಲಿನಿ ಸ್ಕ್ರೂಡ್ರೈವರ್ ಕೈಗೆತ್ತಿಕೊಳ್ಳುತ್ತಾರೆ. ಸ್ಟೂಲಿನ ಮೇಲಿನ ಅಪ್ಪ ಮೀಸೆಯಡಿ ನಗುತ್ತಾರೆ.

ಮುಂದಿನ ಆಸೆ ಏನು ಎಂದು ಕೇಳಿದರೆ ಸ್ಕ್ರೂಡ್ರೈವರಿನಿಂದಲೇ ಹೊರಗಿನ ಹಲಗೆಯತ್ತ ತೋರಿಸುತ್ತಾರೆ. ದೊಡ್ಡದೇನೂ ಇಲ್ಲ. ಮಳೆ ಬಿಡುತ್ತಿದ್ದಂತೆ ಮೂಡಿಗೆರೆಯಿಂದ ಪೇಂಟರನ್ನು ಕರೆಸಿ ಅಂಗಡಿಯ ಹಲಗೆಯ ಮೇಲೆ ‘ಶಾಲಿನಿ’ ಎಂದು ಬರೆಸಬೇಕಂತೆ.

“ಇಷ್ಟು ವರ್ಷ ಎಲ್ರೂ ಕೆಲ್ಸ ನೋಡಿ ಆಯ್ತಲ್ಲ,” ಎನ್ನುತ್ತಾರೆ, ಬಿಚ್ಚಿದ ಯಂತ್ರದಿಂದ ತಲೆಯೆತ್ತದೆ. “ಇನ್ನು ಕಪ್ಪು ಮಗುಚಿ ಹೆಸ್ರು ಓದ್ಲಿ.”