ನಮ್ಮ ಹುಡುಗಿ ನೆಲದ ಮೇಲೆ ಕುಣಿದಳು

ನಮ್ಮ ಹುಡುಗಿ ಕುಣಿದಳು! ಮೊನ್ನೆ ಭಾನುವಾರ, ಟಿಕೆಟ್ ತೆಗೆದುಕೊಂಡು ಬಂದ ಜನರ ಮುಂದೆ, ದೊಡ್ಡ ದೊಡ್ಡ ಲೈಟುಗಳ ಕೆಳಗೆ, ರಂಗದ ಈ ತುದಿಯಿಂದ ಆ ತುದಿಯವರೆಗೆ ನನ್ನ ಮೊಮ್ಮಗಳು ಕುಣಿದಳು. ಜನ ಎದ್ದು ನಿಂತು ಚಪ್ಪಾಳೆ ತಟ್ಟಿದರು. ನಾನೂ ಎದ್ದೆ. ಮಂಡಿನೋವು ಆಗ ಎಲ್ಲಿ ಹೋಗಿತ್ತೋ ಏನೋ. ಮರುದಿನ ಬೆಳಿಗ್ಗೆ ಹಾಲಿನವನಿಗೆ ಹೇಳಿದೆ, ಹೂವಿನವಳಿಗೆ ಹೇಳಿದೆ, ಚರ್ಚಿನಲ್ಲಿ ಪೂಜೆ ಮುಗಿಸಿ ಬಂದ ಫಾದರ್ ಸ್ವಾಮಿಗಳನ್ನು ಮೆಟ್ಟಿಲ ಮೇಲೆಯೇ ನಿಲ್ಲಿಸಿಕೊಂಡು ಹೇಳಿದೆ. ಅವರು ನಗುತ್ತಾ, "ನಿನ್ನೆ ನಾನೂ ಅಲ್ಲೇ ಇದ್ದೆನಲ್ಲಮ್ಮ, ನಿಮ್ಮ ಹಿಂದಿನ ಸಾಲಲ್ಲೇ" ಅಂದರು. ಆದರೂ ಬಿಡದೆ ಪೂರ್ತಿ ಹೇಳಿಯೇ ಮನೆಗೆ ಬಂದೆ.

ಎಷ್ಟು ಜನಕ್ಕೆ ಹೇಳಿದರೂ ಹೊಟ್ಟೆಯೊಳಗಿನ ಸಂತೋಷ ಖಾಲಿಯಾಗುತ್ತಿಲ್ಲ. ಅದಕ್ಕೇ ಬರೆಯಲು ಕೂತೆ. ನಾನು ನಾಲ್ಕನೇ ಕ್ಲಾಸಿಗೇ ಶಾಲೆ ಬಿಟ್ಟವಳು, ಕಾನ್ವೆಂಟಿನ ಅಡುಗೆಮನೆಯಲ್ಲಿ ಸೌಟು ಹಿಡಿದು ವಯಸ್ಸು ಕಳೆದವಳು. ಒತ್ತು, ದೀರ್ಘ ತಪ್ಪಿದ ಕಡೆ ಮೊಮ್ಮಗಳು ತಿದ್ದುತ್ತಾಳೆ. ಅವಳು ಬಿ.ಕಾಂ. ಓದಿದ್ದಾಳೆ.

ನಜರ್‌ಬಾದಿನ ಸಣ್ಣ ಮನೆಯಲ್ಲಿ ನಾವು ನಾಲ್ಕೇ ಜನ. ನಾನು, ಹೆಬ್ಬಾಳದ ಕಾರ್ಖಾನೆಯಲ್ಲಿ ಶಿಫ್ಟ್ ಕೆಲಸ ಮಾಡುವ ನನ್ನ ಮಗ, ಸೊಸೆ, ಅವರ ಒಬ್ಬಳೇ ಮಗಳು. ಹುಟ್ಟಿದಾಗಿನಿಂದಲೂ ಅವಳ ಕಾಲುಗಳಲ್ಲಿ ಬಲವಿಲ್ಲ. ಬೀದಿಗೆ ಇಳಿದರೆ ಗಾಲಿಕುರ್ಚಿ ಬೇಕು. ಮನೆಯೊಳಗೆ ಮಾತ್ರ ಅವಳು ಕುರ್ಚಿಯ ಕಡೆ ತಿರುಗಿಯೂ ನೋಡುವುದಿಲ್ಲ. ಎರಡೂ ಅಂಗೈಯನ್ನು ನೆಲಕ್ಕೆ ಊರಿ, ಮೈಯನ್ನು ಮುಂದಕ್ಕೆ ಎಸೆದು, ಕಾಲುಗಳನ್ನು ಹಿಂದೆ ಎಳೆದುಕೊಂಡು ಹೋಗುತ್ತಾಳೆ. ಹೋಗುತ್ತಾಳೆ ಅಂದರೆ ಸಾಲದು, ಓಡುತ್ತಾಳೆ. ಕೆಂಪು ಗಾರೆಯ ನೆಲದ ಮೇಲೆ ಪಟ್ ಎಂದು ಅಂಗೈ, ಸರ್ರ್ ಎಂದು ಲಂಗ. ನಾನು ಕೂತಲ್ಲಿಂದ ಎದ್ದು ನಿಲ್ಲುವಷ್ಟರಲ್ಲಿ ಅವಳು ಅಡುಗೆಮನೆಗೆ ಹೋಗಿ, ಕರಿದ ಹಪ್ಪಳ ಎತ್ತಿಕೊಂಡು, ವಾಪಸ್ ಬಂದು ಟೀವಿ ಮುಂದೆ ಕೂತಿರುತ್ತಾಳೆ.

ಆದರೆ ನಮ್ಮ ಮನೆಯಲ್ಲಿ ಒಂದು ಪದ್ಧತಿಯಿತ್ತು. ಗೇಟಿನ ಚಿಲಕ ಸದ್ದಾಯಿತೋ, ಸೊಸೆ ಎಲ್ಲಿದ್ದರೂ "ಯಾರೋ ಬಂದ್ರು!" ಎಂದು ಕೂಗುತ್ತಿದ್ದಳು. ತಕ್ಷಣ ಓಡಿಬಂದು ಮಗಳ ಕಂಕುಳಿಗೆ ಕೈಹಾಕಿ ಎತ್ತಿ ಕುರ್ಚಿಯಲ್ಲಿ ಕೂರಿಸುವುದು ಅವಳ ಕೆಲಸ. ಗೂಟದಲ್ಲಿದ್ದ ಶಾಲನ್ನು ತಂದು ಸೊಂಟದಿಂದ ಪಾದದವರೆಗೆ ಹೊದಿಸುವುದು ನನ್ನ ಕೆಲಸ. ಬಂದವರು ಚಪ್ಪಲಿ ಬಿಟ್ಟು ಒಳಗೆ ಬರುವ ಹೊತ್ತಿಗೆ ಹುಡುಗಿ ರಾಣಿಯ ಹಾಗೆ ಕುರ್ಚಿಯಲ್ಲಿ ಇರುತ್ತಿದ್ದಳು. ಗ್ಯಾಸ್ ಸಿಲಿಂಡರಿನವನು ಬಂದರೂ ಹೀಗೆಯೇ. ಅವಳು ನೆಲದ ಮೇಲೆ ಓಡಾಡುವುದನ್ನು ಹೊರಗಿನವರು ಯಾರೂ ಕಂಡಿರಲಿಲ್ಲ.

ಸೊಸೆಯನ್ನು ಯಾರೂ ತಪ್ಪು ತಿಳಿಯಬೇಡಿ. ಮಗು ಚಿಕ್ಕದಿದ್ದಾಗ ಒಂದು ಹಬ್ಬದ ದಿನ, ಚರ್ಚಿನ ಮೆಟ್ಟಿಲ ಹತ್ತಿರ ಅದನ್ನು ಕೆಳಗೆ ಬಿಟ್ಟು ಇವಳು ಮೇಣದಬತ್ತಿ ಹಚ್ಚುತ್ತಿದ್ದಳು. ಮಗು ಅಂಗೈಯೂರಿ ಅತ್ತಿತ್ತ ಆಡುತ್ತಿತ್ತು. ಯಾರೋ ಪುಣ್ಯಾತ್ಮರು ದಾಟಿ ಹೋಗುತ್ತಾ ಅದರ ಮುಂದೆ ಒಂದು ನಾಣ್ಯ ಹಾಕಿ ಹೋದರು. ಸೊಸೆ ಆ ನಾಣ್ಯವನ್ನು ಮಗುವಿನ ಕೈಯಿಂದ ಕಿತ್ತು ದೂರ ಎಸೆದಳು. ಅಂದಿನಿಂದಲೇ ಆ ಶಾಲು ಗೂಟಕ್ಕೆ ಬಂದದ್ದು.

ಈ ಕುಣಿತದ ತಂಡದ ಸುದ್ದಿ ತಂದವಳು ಮೊಮ್ಮಗಳ ಕಾಲೇಜಿನ ಗೆಳತಿ. ಒಂದು ಶಾಲೆಯ ಹಾಲಿನಲ್ಲಿ ಶನಿವಾರ ಶನಿವಾರ ಅಭ್ಯಾಸ. ಆಟೋದಲ್ಲಿ ಜೊತೆಗೆ ಹೋಗುವವಳು ನಾನು. ಅಲ್ಲಿ ಗಾಲಿಕುರ್ಚಿಯವರು ಇಬ್ಬರು, ಕಿವಿ ಕೇಳದ ಹುಡುಗ ಒಬ್ಬ, ಕಣ್ಣು ಕಾಣದ ಹುಡುಗಿ ಒಬ್ಬಳು. ಉಳಿದವರು ಭರತನಾಟ್ಯ ಗಿರತನಾಟ್ಯ ಎಲ್ಲ ಕಲಿತು ಕೈಕಾಲು ಬಳ್ಳಿಯ ಹಾಗೆ ಬಳುಕಿಸುವವರು. ಕಲಿಸುವಾಕೆಯನ್ನು ಎಲ್ಲರೂ ಅಕ್ಕ ಎನ್ನುತ್ತಿದ್ದರು. ನನ್ನ ಸೊಸೆಯ ವಯಸ್ಸಿನವಳಾದರೂ ನನ್ನ ಬಾಯಲ್ಲೂ ಅಕ್ಕ ಎಂದೇ ಬಂತು.

ಮೊದಲ ದಿನ ಅಕ್ಕ ನಮ್ಮ ಹುಡುಗಿಯನ್ನು ಕೇಳಿದಳು, "ಮನೇಲಿ ನೀನು ಹೇಗೆ ಓಡಾಡ್ತೀಯ?"

ಹುಡುಗಿ ಬಾಗಿಲ ಕಡೆ ನೋಡಿದಳು. ನನ್ನ ಕಡೆ ನೋಡಿದಳು. ಆಮೇಲೆ ಕುರ್ಚಿಯಿಂದ ಜಾರಿ ನೆಲಕ್ಕಿಳಿದು ಹಾಲಿನ ಉದ್ದಕ್ಕೂ ಹೋಗಿ ಬಂದಳು. ಯಾರೂ ಪಾಪ ಅನ್ನಲಿಲ್ಲ. ಅಕ್ಕ ತಾನೂ ಕೆಳಗೆ ಕೂತು, "ಇದೇ ಬೇಕಾಗಿದ್ದಿದ್ದು. ಎಲ್ಲರಿಗೂ ಹೇಳಿಕೊಡ್ತೀಯಾ?" ಅಂದಳು. ಅವತ್ತು ಆ ಬಳ್ಳಿಯ ಹುಡುಗಿಯರ ಗತಿ ನೋಡಬೇಕಿತ್ತು. ಕಾಲು ಬಳಸದೆ ಅಂಗೈಯ ಮೇಲೆ ನಾಲ್ಕು ಮಾರು ಹೋಗುವಷ್ಟರಲ್ಲಿ ಒಬ್ಬಳು ಅಂಗಾತ ಬಿದ್ದುಕೊಂಡು, "ಅಜ್ಜಿ, ನಿಮ್ಮ ಮೊಮ್ಮಗಳಿಗೆ ಏನ್ ತಿನ್ನಿಸ್ತೀರಾ? ತೋಳು ಕಳಚಿ ಬಿತ್ತು ನನ್ನದು" ಎಂದು ಗೋಳಾಡಿದಳು. ಆಮೇಲೆ ಅವಳೇ ನಮ್ಮ ಹುಡುಗಿಗೆ ಜೋಡಿಯಾದಳು.

ನನ್ನಿಂದ ಒಂದು ಎಡವಟ್ಟಾಯಿತು. ಒಂದು ಶನಿವಾರ ಎಲ್ಲರೂ ನೆಲದ ಮೇಲಿದ್ದರು. ನಾನು ಮೂಲೆಯಲ್ಲಿ ಕೂತು ಜಪಸರ ಎಣಿಸುತ್ತಾ ತೂಕಡಿಸುತ್ತಿದ್ದೆ. ರಂಗಮಂದಿರದವರು ಯಾರೋ ಅಭ್ಯಾಸ ನೋಡಲು ಬಂದರು. ಬಾಗಿಲ ಚಿಲಕ ಕಟಕ್ ಎಂದಿತು. ನಿದ್ದೆಗಣ್ಣಿನಲ್ಲಿ ನಾನು, "ಯಾರೋ ಬಂದ್ರು!" ಎಂದು ಕಿರುಚಿ ಎದ್ದವಳೇ ಓಡಿಹೋಗಿ ಹುಡುಗಿಯ ಕಂಕುಳಿಗೆ ಕೈಹಾಕಿಬಿಟ್ಟೆ. ಎತ್ತಲು ಆಗಲಿಲ್ಲ. ಹೊದ್ದಿದ್ದ ನನ್ನ ಶಾಲನ್ನೇ ತೆಗೆದು ಅವಳ ಕಾಲ ಮೇಲೆ ಮುಚ್ಚಿದೆ.

ಕಿವಿ ಕೇಳದ ಆ ಹುಡುಗನಿಗೆ ನಾನು ಕಿರುಚಿದ್ದು ಎಲ್ಲಿ ಗೊತ್ತಾಗಬೇಕು? ಅಜ್ಜಿ ಹೊಸದೇನೋ ತೋರಿಸಿಕೊಡುತ್ತಿದ್ದಾಳೆ ಅಂದುಕೊಂಡ. ತಕ್ಷಣ ತನ್ನ ಪಕ್ಕದವಳ ಕಂಕುಳಿಗೆ ಕೈಹಾಕಿ ಎತ್ತಿ ಕುರ್ಚಿಗೆ ಹಾಕಿ, ಟವೆಲ್ ತಂದು ಅವಳ ತಲೆತುಂಬ ಮುಚ್ಚಿದ. ಅವಳಿಗೆ ಕಾಲು ಚೆನ್ನಾಗಿಯೇ ಇದ್ದವು! ಎಲ್ಲರೂ ಹಾಲಿನ ಸೂರೇ ಹಾರಿಹೋಗುವ ಹಾಗೆ ನಕ್ಕರು. ನಮ್ಮ ಹುಡುಗಿ ನೆಲದ ಮೇಲೆ ಹೊರಳಾಡಿ ನಕ್ಕಳು. "ಅಜ್ಜಿ, ಬುಡು ಅಜ್ಜಿ, ಇಲ್ಲಿ ಎಲ್ಲಾ ನಮ್ಮೋರೇ" ಅಂದಳು.

ಅಕ್ಕ ಮಾತ್ರ ಕಣ್ಣು ಅಗಲ ಮಾಡಿಕೊಂಡು, "ಇನ್ನೊಂದ್ಸಲ ಮಾಡಿ" ಅಂದಳು. ಹೀಗೆ ನಮ್ಮ ಮನೆಯ ಶಾಲು ಕುಣಿತದೊಳಗೆ ಸೇರಿಕೊಂಡಿತು.

ನನಗೆ ನಗು ಬಂದರೂ ಒಳಗೊಳಗೇ ಭಯ ಹತ್ತಿತು. ಮಗಳು ಜನರ ಮುಂದೆ ನೆಲದ ಮೇಲೆ ಹೋಗುತ್ತಾಳೆ ಎಂಬುದೇ ಸೊಸೆಗೆ ಇನ್ನೂ ಗೊತ್ತಿರಲಿಲ್ಲ. ಕುರ್ಚಿಯಲ್ಲಿ ಕೂತು ಕೈ ಆಡಿಸುವ ಕುಣಿತ ಎಂದು ಅವಳು ತಿಳಿದಿದ್ದಳು. ಆದರೆ ಮೊಮ್ಮಗಳು ಮುಚ್ಚಿಡುವವಳಲ್ಲ. ಅದೇ ವಾರ ಅವಳಮ್ಮ ಅವರೆಕಾಯಿ ಬಿಡಿಸುತ್ತಿದ್ದಾಗ ಎದುರಿಗೆ ಹೋಗಿ ಕೂತಳು.

"ಮಮ್ಮಿ, ನಾನು ಸ್ಟೇಜ್ ಮೇಲೆ ಕುರ್ಚಿ ಬಿಟ್ಟು ಇಳೀತೀನಿ. ಮನೇಲಿ ಓಡಾಡ್ತೀನಲ್ಲ, ಹಂಗೇ."

ಸೊಸೆಯ ಕೈ ನಿಂತಿತು. "ಎಲ್ಲಾರ ಮುಂದೆನಾ?"

"ಎಲ್ಲಾರ ಮುಂದೆ. ಶಾಲು ಹೊದಿಸೋದೂ ಇದೆ. ಅದು ಬೇಡ ಅಂತ ನೀನು ಹೇಳಿದ್ರೆ ತೆಗೀತೀವಿ, ಅಕ್ಕನ್ನ ಕೇಳಿದೀನಿ. ನೆಲದ ಮೇಲೆ ಹೋಗೋದನ್ನ ಮಾತ್ರ ತೆಗೆಯಲ್ಲ."

"ಆ ಮೆಟ್ಲು ಹತ್ರ ನಿಂತಿದ್ದೋಳು ನಾನು ಕಣೆ. ನಿಂಗೇನ್ ನೆನಪಿದ್ದಾತು."

"ನೆನಪಿದೆ ಮಮ್ಮಿ. ಹೊಸಾ ನಾಣ್ಯ, ಎಷ್ಟು ಹೊಳೀತಿತ್ತು! ನೀನು ಕಿತ್ತು ಬಿಸಾಕ್ಬಿಟ್ಟೆ ಅಂತ ಅತ್ತಿದ್ದೆ."

ಸೊಸೆ ಮಗಳ ಮುಖವನ್ನೇ ನೋಡಿದಳು. ಆ ಒಂದು ದಿನ ಇಬ್ಬರಿಗೂ ಎಷ್ಟು ಬೇರೆ ಬೇರೆಯಾಗಿ ಉಳಿದುಕೊಂಡಿತ್ತು! ಸಿಪ್ಪೆಯನ್ನೆಲ್ಲ ಮಡಿಲಿಂದ ಕೊಡವಿ ಎದ್ದು, "ಶಾಲು ಇರ್ಲಿ ಬುಡು. ನೀನು ಮಾಡು, ಬ್ಯಾಡ ಅನ್ನಲ್ಲ. ಆದ್ರೆ ನಾನು ಬರಲ್ಲ. ನನ್ನ ಕೈಲಿ ನೋಡಕ್ಕಾಗಲ್ಲ" ಅಂದಳು.

ರಾತ್ರಿ ಹುಡುಗಿ ನನ್ನ ಪಕ್ಕ ಮಲಗಿ, "ಊರೆಲ್ಲಾ ಬಂದು ಮಮ್ಮಿ ಒಬ್ಳು ಬರ್ದಿದ್ರೆ ಏನ್ ಚಂದ ಅಜ್ಜಿ" ಅಂದಳು. ಅವಳು ಬಿದ್ದಾಗಲೂ ಅಳುವವಳಲ್ಲ. ಅವತ್ತು ದಿಂಬು ಒದ್ದೆಯಾಗಿತ್ತು.

ಭಾನುವಾರ ಬಂತು. ನಾನು ಮುಂದಿನ ಸಾಲಿನಲ್ಲಿ ಕೂತೆ. ಮಗ ಬೆಳಗಿನ ಶಿಫ್ಟ್ ಮುಗಿಸಿ ಕಾರ್ಖಾನೆಯ ನೀಲಿ ಅಂಗಿಯಲ್ಲೇ ಬಂದ. ನಮ್ಮಿಬ್ಬರ ನಡುವಿನ ಕುರ್ಚಿಯ ಮೇಲೆ ನನ್ನ ಕೈಚೀಲ ಇಟ್ಟುಕೊಂಡಿದ್ದೆ. ಯಾರು ಕೇಳಿದರೂ "ಬತ್ತಾರೆ, ಬತ್ತಾರೆ" ಅನ್ನುತ್ತಿದ್ದೆ. ಮಗ ಮೆಲ್ಲಗೆ, "ಸುಮ್ನೆ ಕೊಟ್ಬುಡವ್ವ ಸೀಟು, ಅವ್ಳು ಬರೋ ಪೈಕಿ ಅಲ್ಲ" ಅಂದ. ನಾನು ಚೀಲದ ಮೇಲೆ ಕೈ ಇನ್ನೂ ಗಟ್ಟಿಯಾಗಿ ಊರಿದೆ.

ಲೈಟು ಆರಿದ ಮೇಲೆ ಯಾರೋ ಕಾಲುಗಳನ್ನು ದಾಟಿಕೊಂಡು ಬಂದು, ಚೀಲವನ್ನು ಎತ್ತಿ ನನ್ನ ಮಡಿಲಿಗೆ ಹಾಕಿ ಕೂತರು. ಬೆಳ್ಳುಳ್ಳಿ, ಧನಿಯಾದ ಘಮ ಬಂತು. ಸೊಸೆ! "ಮಸಾಲೆ ರುಬ್ಬಿಟ್ಟು ಬಂದೀನಿ ಅತ್ತೆ. ಒಂದ್ಗಳಿಗೆ ನೋಡ್ಕೊಂಡು ಹೊರಟೋಗ್ತೀನಿ" ಎಂದು ಪಿಸುಗುಟ್ಟಿದಳು. ನಾನು ತಲೆಯಾಡಿಸಿದೆ. ಮಾತಾಡಿದರೆ ಎದ್ದು ಹೋದಾಳು ಎಂಬ ಹೆದರಿಕೆ.

ಡೋಲಿನವನು ಬಾಗಿಲು ಬಡಿದ ಹಾಗೆ ಟಕ್ ಟಕ್ ಎನಿಸಿದ. ರಂಗದ ಮೇಲೆ ನೆಲದಲ್ಲಿದ್ದವರೆಲ್ಲ ಗಾಬರಿಬಿದ್ದು ಒಬ್ಬರನ್ನೊಬ್ಬರು ಎತ್ತಿ ಕುರ್ಚಿಗೆ ಹಾಕಿ ಶಾಲು ಮುಚ್ಚಿದರು. ಸದ್ದು ನಿಂತರೆ ಎಲ್ಲರೂ ಜಾರಿ ಕೆಳಕ್ಕೆ. ಮತ್ತೆ ಟಕ್ ಟಕ್. ಕಿವಿ ಕೇಳದ ಹುಡುಗನಿಗೆ ರಂಗದ ಹಲಗೆ ಅದುರುವುದು ಅಂಗಾಲಿಗೆ ಗೊತ್ತಾಗುತ್ತದಂತೆ, ಎಲ್ಲರಿಗಿಂತ ಮೊದಲು ಅವನೇ ನೆಗೆಯುತ್ತಿದ್ದ. ಅವಸರ ಹೆಚ್ಚಾಗಿ ಕೊನೆಗೆ ನೆಟ್ಟಗೆ ನಡೆಯುವವರು ಕುರ್ಚಿಯಲ್ಲಿ, ಕುರ್ಚಿಯವರು ಕೆಳಗೆ. ಒಬ್ಬಳಿಗಂತೂ ಮೂಗು ಮುಖ ಕಾಣದ ಹಾಗೆ ಮೂರು ಶಾಲು.

ನಾನು ಸೊಸೆಯ ಕಡೆ ತಿರುಗಲು ಹೆದರಿ ನೆಟ್ಟಗೆ ನೋಡುತ್ತಿದ್ದೆ. ಆಗ ಪಕ್ಕದಲ್ಲಿ ಏನೋ ಒಡೆದ ಹಾಗೆ ಸದ್ದಾಯಿತು. ಸೊಸೆ ನಕ್ಕುಬಿಟ್ಟಿದ್ದಳು. ಸೆರಗನ್ನು ಬಾಯಿಗೆ ಒತ್ತಿಕೊಂಡರೂ ತಡೆಯಲಾಗದೆ, "ಅಯ್ಯೋ, ನಾವೇ ಅಲ್ವಾ ಅತ್ತೆ ಅದು? ಗ್ಯಾಸ್‌ನೋನು ಬಂದಾಗ ನಾವೇ ಅಲ್ವಾ?" ಎಂದು ನನ್ನ ತೋಳಿಗೆ ಹೊಡೆದಳು.

ಆಮೇಲೆ ಡೋಲು ನಿಂತಿತು. ಎಲ್ಲರೂ ಬದಿಗೆ ಸರಿದರು. ನಮ್ಮ ಹುಡುಗಿ ಒಬ್ಬಳೇ. ಶಾಲನ್ನು ಮಡಿಚಿ ಕುರ್ಚಿಯ ಮೇಲಿಟ್ಟು ನೆಲಕ್ಕಿಳಿದಳು. ಪಟ್, ಸರ್ರ್. ಪಟ್, ಸರ್ರ್. ಅಷ್ಟು ದೊಡ್ಡ ಜಾಗದಲ್ಲಿ ಆ ಸದ್ದೊಂದೇ. ತೋಳಿನ ಮೇಲೆ ಮೈಯನ್ನು ಎತ್ತಿ ಸುತ್ತಿದಳು, ಉರುಳಿದಳು, ಎದೆಯೂರಿ ತಲೆಯೆತ್ತಿದಳು. ಕಾಲುಗಳು ಅವಳ ಹಿಂದೆ ನೀರಿನೊಳಗಿನ ಸೀರೆಯ ಅಂಚಿನ ಹಾಗೆ ಬರುತ್ತಿದ್ದವು. ಮನೆಯಲ್ಲಿ ದಿನಾ ನೋಡಿದ್ದೇ. ಆದರೆ ಮನೆ ಅವಳಿಗೆ ಎಷ್ಟು ಚಿಕ್ಕದಾಗಿತ್ತು ಎಂಬುದು ನನಗೆ ಅವತ್ತೇ ತಿಳಿದದ್ದು.

ಸೊಸೆ ನಗುತ್ತಿರಲಿಲ್ಲ. ಎದ್ದು ಹೋಗಲೂ ಇಲ್ಲ. ಕಣ್ಣು ಒರೆಸಿಕೊಳ್ಳಲು ಕೂಡ ಕೈ ಎತ್ತದೆ, ಒಂದು ಗಳಿಗೆಯೂ ತಪ್ಪಬಾರದು ಎನ್ನುವ ಹಾಗೆ ನೋಡುತ್ತಿದ್ದಳು. ಹುಡುಗಿ ರಂಗದ ಅಂಚಿಗೆ ಬಂದು ಮುಖವೆತ್ತಿದಾಗ ಅಮ್ಮ ಕಣ್ಣಿಗೆ ಬಿದ್ದಳು. ಹುಡುಗಿಯ ತುಟಿ ಅದುರಿದ್ದನ್ನು ನಾನು ಕಂಡೆ. ಆದರೆ ಡೋಲು ಶುರುವಾಯಿತು, ಜೋಡಿ ಹುಡುಗಿ ಬಂದಳು, ಅಳಲು ಪುರಸೊತ್ತೆಲ್ಲಿ?

ಮುಗಿದ ಮೇಲೆ ಹೊರಗೆ ಒಬ್ಬ ಹೆಂಗಸು ಸೊಸೆಯ ಕೈ ಹಿಡಿದುಕೊಂಡು, "ಪಾಪ, ಅಂಥಾ ಮಗು ಎಷ್ಟು ಚೆನ್ನಾಗಿ ಮಾಡ್ತು" ಅಂದರು.

"ಪಾಪ ಯಾಕ್ರೀ?" ಅಂದಳು ಸೊಸೆ. "ಮಳೆಗಾಲದಿಂದ ಪ್ರಾಕ್ಟೀಸ್ ಮಾಡವ್ಳೆ. ಚೆನ್ನಾಗಿ ಮಾಡ್ದೆ ಇರ್ತಾಳಾ? ಅದು ನನ್ ಮಗಳು ಕಣ್ರೀ."

ಮಗಳ ಹತ್ತಿರ ಹೋದಾಗ ಮಾತ್ರ ಹೊಗಳಿಕೆ ಬಾಯಿಗೆ ಬರಲಿಲ್ಲ. ತೋಳು ತಿರುಗಿಸಿ ನೋಡಿ, "ಮೊಣಕೈ ಎಂಗ್ ತರ್ಚೋಗದೆ ನೋಡು, ಬಟ್ಟೆ ಕಟ್ಕೋಬಾರ್ದಾ" ಎಂದು ಬೈದಳು. ಹುಡುಗಿ ಅಮ್ಮನ ಸೊಂಟ ತಬ್ಬಿಕೊಂಡು ಬಹಳ ಹೊತ್ತು ಮುಖ ಎತ್ತಲೇ ಇಲ್ಲ.

ಮನೆಗೆ ಜೋಡಿ ಹುಡುಗಿಯನ್ನೂ ಕಿವಿ ಕೇಳದ ಹುಡುಗನನ್ನೂ ಎಳೆದುಕೊಂಡು ಬಂದೆವು. ಕೋಳಿ ಸಾರು ಕುದಿಯಿತು. ಬಿಸಿ ಅಕ್ಕಿಹಿಟ್ಟಿನ ಉಂಡೆಗಳನ್ನು ಶಾವಿಗೆ ಒರಳಿಗೆ ತುಂಬಿ ಮಗ ಒತ್ತಿದ, ಅವನಿಗೆ ಉಸಿರು ಹತ್ತಿದಾಗ ಆ ಹುಡುಗ ಒತ್ತಿದ. ಚಾಪೆ ಹಾಸಿ ಎಲ್ಲರೂ ಸುತ್ತ ಕೂತೆವು, ನಾನು ಚಿಕ್ಕ ಪ್ರಾರ್ಥನೆ ಹೇಳಿದೆ. ಸಂತೋಷಕ್ಕೆ ಅರ್ಧದಲ್ಲೇ ಮರೆತುಹೋಯಿತು, ಮಗ ಮುಗಿಸಿದ. ಹುಡುಗ ಸಾಕು ಎಂದು ತಟ್ಟೆಯ ಮೇಲೆ ಎರಡೂ ಕೈ ಅಡ್ಡ ಹಿಡಿದ. ಅವನು ನೀರು ಕುಡಿಯಲು ಲೋಟ ಎತ್ತುವುದನ್ನೇ ಕಾದಿದ್ದು ಸೊಸೆ ಒಂದು ಸೌಟು ಸಾರು ಸುರಿದೇಬಿಟ್ಟಳು.

ದಿನಾ ಎಲ್ಲರೂ ಉಂಡ ಮೇಲೆ ಉಣ್ಣುವ ಸೊಸೆ ಅವತ್ತು ಮಗಳ ಪಕ್ಕದಲ್ಲೇ ಕೂತಳು. ಬಲಗೈಯಲ್ಲಿ ಶಾವಿಗೆ ಕಲಸುತ್ತಾ, ಎಡಗೈಯ ಬೆರಳಿನಿಂದ ಮಗಳ ಮೊಣಕೈಗೆ ಕೊಬ್ಬರಿ ಎಣ್ಣೆ ಸವರುತ್ತಿದ್ದಳು.

"ಉರೀತದಾ?"

"ಇಲ್ಲ ಮಮ್ಮಿ. ಲೆಗ್ ಪೀಸ್ ಕೊಡು."

"ನಿಮ್ಮಪ್ಪಂಗೆ ಹಾಕ್ಬುಟ್ಟೆ ಕಣೆ."

ಮಗ ತನ್ನ ತಟ್ಟೆಯಿಂದ ಅದನ್ನು ಎತ್ತಿ ಮಗಳ ತಟ್ಟೆಗೆ ಹಾಕಿದ. ಅವಳು ಮುರಿದು ಅರ್ಧವನ್ನು ನನಗೆ ಕೊಟ್ಟಳು. ನನಗೆ ಹಲ್ಲಿಲ್ಲ ಎಂಬುದು ಅವಳಿಗೆ ಮರೆತೇಹೋಗಿತ್ತು. ನಾನೂ ಹೇಳಲಿಲ್ಲ, ಚೀಪಿ ಚೀಪಿ ತಿಂದೆ.