ಮಾಫಿಯೋ ಕೊರೆದ ಕಪ್ಪು ಮುಸುಕು

ಮಾಫಿಯೋನ ಕೈ ಮೂವತ್ತು ವರ್ಷ ಊರವರ ತಲೆಯ ಚಿತ್ರ ಕೊರೆದೇ ಸವೆಯಿತು. ವೆನಿಸ್ಸಿನ ನಮ್ಮ ಅಂಗಡಿಯಲ್ಲಿ ತಾಮ್ರದ ತಗಡಿನ ಮೇಲೆ ಮುಖ ಕೊರೆಯುವುದು ಯಜಮಾನರು. ಟೋಪಿ, ಮುಸುಕು, ಮುಖವಾಡ ಎಲ್ಲ ಮಾಫಿಯೋನ ಪಾಲು. ಕೆಳಗೆ ಹೆಸರು ಮಾತ್ರ ಯಜಮಾನರದು. ಗೆದ್ದಲು ಕಟ್ಟಿದ ಹುತ್ತದಲ್ಲಿ ಹಾವು ಸೇರಿದ ಹಾಗೆ! ತಗಡಿಗೆ ಮಸಿ ಬಳಿದು ಒರೆಸಿ ಹಾಳೆಗೆ ಅಚ್ಚೊತ್ತುವ ನನಗೇ ಸಿಟ್ಟು ಬರುತ್ತಿತ್ತು, ಅವನಿಗಿಲ್ಲ. "ಸಿಟ್ಟಿಗೂ ತ್ರಾಣ ಬೇಕಲ್ಲ ಮೆನೆಗಾ," ಎನ್ನುತ್ತಿದ್ದ.

ಅವನ ತಂಗಿ ಓರ್ಸೋಲಾ. ಅವಳ ಗಂಡ ಝೋರ್ಜಿ ಹಡಗು ಹತ್ತಿ ಹೋಗಿ ಒಂಬತ್ತು ವರ್ಷ, ಸುದ್ದಿಯಿಲ್ಲ. ಗಂಡ ಸತ್ತವಳು ಕಪ್ಪು ಮುಸುಕಿನಲ್ಲಿ ಕೂದಲು ಮುಚ್ಚಬೇಕು. ಇವಳೋ ಐವತ್ತು ಹತ್ತಿರವಾದರೂ ದಿನಾ ಬೆಳಿಗ್ಗೆ, ಗಂಡನಿದ್ದವರಂತೆ, ಹಣೆಯ ಮೇಲೆ ಕೂದಲನ್ನು ಎರಡು ಕೊಂಬಾಗಿ ಸುತ್ತಿಕೊಳ್ಳುತ್ತಿದ್ದಳು. "ಕೊಂಬಿನಮ್ಮ ಬಂದ್ಲು, ದಾರಿ ಬಿಡ್ರೇ!" ಎಂದು ಮೀನು ಮಾರುವ ಹೆಂಗಸರು ನಗುತ್ತಿದ್ದರು.

ಆ ಚಳಿಗಾಲ ಅವಳು ಅಂಗಡಿಗೇ ಬಂದಳು.

"ಅಣ್ಣಾ, ಊರವರ ತಲೆಯೆಲ್ಲ ಕೊರ್ದೆ. ನಂದೊಂದು ಕೊರಿ. ಅವ್ರು ಬಂದಾಗ, ನಾನು ಹೀಗೇ ಕಾಯ್ತಿದ್ದೆ ಅಂತ ತೋರಿಸ್ಬೇಕು."

"ಚಿತ್ರದಲ್ಲೊಂದು ಮುಖವಾಡ ಇಡ್ಲಾ?"

"ಥೂ! ಕೈಲಿದ್ರೆ ಕಪಟಿ ಅಂತಾರೆ. ನೆಲದ ಮೇಲಿದ್ರೆ, ಇಷ್ಟು ದಿನ ಹಾಕ್ಕೊಂಡಿದ್ದು ಈಗ ಕಳಚಿಟ್ಲು ಅಂತಾರೆ. ನಾನ್ಯಾವ ನಾಟಕ ಆಡಿದೀನಿ? ಬೇಡ."

ಮೊದಲ ಸಲ ಮಾಫಿಯೋ ಮುಖವನ್ನೂ ತಾನೇ ಕೊರೆದ. ಆದರೆ ಆ ವಾರ ಅಂಗಡಿಗೆ ಬಂದಿದ್ದು ವಿಧವೆಯರ ಚಿತ್ರಗಳೇ ಹನ್ನೊಂದು. ಕಣ್ಣು ಮಂಜು, ಕೈಗೆ ರೂಢಿ. ಮೊದಲ ಹಾಳೆ ಎಳೆದು ನೋಡುತ್ತೇನೆ, ಅಯ್ಯೋ, ಕೊಂಬಿರಬೇಕಾದ ಕಡೆ ಕಪ್ಪು ಮುಸುಕು!

"ಝೋರ್ಜಿನ ನನ್ನ ಕೈಯಾರೆ ಕೊಂದೆ ಕಣೇ," ಎಂದು ಕುಸಿದು ಕೂತ.

ಮೂರು ದಿನ ಹೆರೆದ, ಉಜ್ಜಿದ, ತಗಡನ್ನು ಹಿಂದಿನಿಂದ ಬಡಿದು ಸಮ ಮಾಡಿದ, ಕೊಂಬು ಕೊರೆದ. ಆದರೂ ಹಾಳೆಯಲ್ಲಿ ಮುಸುಕಿನ ನೆರಳು ತೆಳ್ಳಗೆ ಉಳಿಯಿತು. ಹಾಳಾದ ತಾಮ್ರ, ಏನನ್ನೂ ಮರೆಯುವುದಿಲ್ಲ.

ಓರ್ಸೋಲಾ ಹಾಳೆಯನ್ನು ಕಿಟಕಿಯ ಬೆಳಕಿಗೆ ಹಿಡಿದಳು. ಬೈಗುಳಕ್ಕೆ ಕಾದು ನಿಂತೆವು.

"ತಪ್ಪಾಯ್ತು ಕಣಮ್ಮ," ಎಂದ ಮಾಫಿಯೋ. "ಬೇರೆ ತಗಡಲ್ಲಿ ಮಾಡ್ಕೊಡ್ತೀನಿ."

"ಬೇಡ ಅಣ್ಣಾ. ಹಡಗು ಮುಳುಗಿದ್ದು ನಂಗೆ ಎರಡನೇ ವರ್ಷಾನೇ ಗೊತ್ತಾಯ್ತು. ಜೊತೆಗೆ ಹೋಗಿದ್ದವನೊಬ್ಬ ಬದುಕಿ ಬಂದು ಹೇಳ್ದ. ಕೊಂಬು ಬಿಚ್ಚಿದ್ರೆ ಅವ್ರು ನಿಜವಾಗ್ಲೂ ಹೋಗ್ಬಿಡ್ತಾರೆ ಅನ್ನಿಸ್ತು. ಏಳು ವರ್ಷ ನಾಟಕ ಆಡ್ದೆ. ಸುಸ್ತಾಯ್ತು."

ಅವಳು ಹಾಳೆಯ ಕೆಳತುದಿಗೆ ಬೆರಳಿಟ್ಟಳು.

"ಇಲ್ಲೊಂದು ಮುಖವಾಡ ಇಡು. ಕೈಲಲ್ಲ, ನೆಲದ ಮೇಲೆ."

ಮಾಫಿಯೋ ಉಳಿ ಎತ್ತಿಕೊಂಡ. ಅವಳು ಅಲ್ಲೇ ಮಣೆಯ ಮೇಲೆ ಕೂತು, ಕೂದಲಿನ ಪಿನ್ನುಗಳನ್ನು ಒಂದೊಂದಾಗಿ ಕೀಳತೊಡಗಿದಳು.